ಯಂತ್ರದ ಮೊದಲ ಜರಡಿ: ಹಾರ್ಮೋನುಭಂಜಕ ರಾಸಾಯನಿಕಗಳ ಶೋಧ

ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಮೊದಲಾದ ನಿರ್ನಾಳ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ಹಾರ್ಮೋನುಗಳು ದೇಹದ ಬೆಳವಣಿಗೆ, ಸಂತಾನಶಕ್ತಿ, ಮಿದುಳಿನ ವಿಕಾಸ, ಹಸಿವು, ನಿದ್ರೆಗಳನ್ನೆಲ್ಲ ನಿಯಂತ್ರಿಸುತ್ತವೆಯಾದರೂ ಅವುಗಳ ಪ್ರಮಾಣ ಮಾತ್ರ ನಂಬಲಾಗದಷ್ಟು ಅಲ್ಪ. ಈಸ್ಟ್ರೊಜೆನ್ ವರ್ಗದ ಮುಖ್ಯ ಹಾರ್ಮೋನಾದ ಈಸ್ಟ್ರಡೈಯೋಲನ್ನು ರಕ್ತದಲ್ಲಿ ಅಳೆಯುವುದು ಪೈಕೊಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಬರುವ ಒಂದು ಭಾಗದ ಲೆಕ್ಕದಲ್ಲಿ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯೊಳಕ್ಕೆ ಹೊರಗಿನ ವಸ್ತುವೊಂದು ಸೇರಿಕೊಂಡು ಹಾರ್ಮೋನಿನಂತೆ ವರ್ತಿಸಬಹುದು, ಹಾರ್ಮೋನು ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳಬಹುದು, ಇಲ್ಲವೇ ಹಾರ್ಮೋನಿನ ತಯಾರಿಕೆಯನ್ನೇ ತಡೆಯಬಹುದು. ಇಂಥ ವಸ್ತುಗಳನ್ನು ಹಾರ್ಮೋನುಭಂಜಕಗಳೆಂದು ಕರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2002ರಲ್ಲಿ ರೂಪುಗೊಂಡ ವ್ಯಾಖ್ಯೆಯ ಪ್ರಕಾರ, ನಿರ್ನಾಳ ಗ್ರಂಥಿಗಳ ಕಾರ್ಯವನ್ನು ಬದಲಿಸಿ, ಆ ಕಾರಣದಿಂದಲೇ ಇಡೀ ಜೀವಿಯಲ್ಲಿ, ಅದರ ಸಂತತಿಯಲ್ಲಿ ಅಥವಾ ಆ ಜೀವಿಗಳ ಸಮೂಹದಲ್ಲಿ ಆರೋಗ್ಯಹಾನಿಯನ್ನುಂಟುಮಾಡುವ ಹೊರಗಿನ ವಸ್ತು ಅಥವಾ ವಸ್ತುಗಳ ಮಿಶ್ರಣವೇ ಹಾರ್ಮೋನುಭಂಜಕ. ಈ ವ್ಯಾಖ್ಯೆಯಲ್ಲಿ ಬರುವ ‘ಇಡೀ ಜೀವಿ’, ‘ಸಂತತಿ’, ‘ಮಿಶ್ರಣ’ ಎಂಬ ಮೂರು ಪದಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅಗತ್ಯ; ಯಂತ್ರಕಲಿಕೆಯ ನೆರವಿನಿಂದ ಈಗ ನಡೆಯುತ್ತಿರುವ ಶೋಧದ ಬಲವೂ ಮಿತಿಯೂ ಈ ಮೂರರ ಸುತ್ತಲೇ ಇದೆ.

ಈ ಬಗೆಯ ಹಾನಿ ಎಷ್ಟು ತಡವಾಗಿ ಬಯಲಿಗೆ ಬರುತ್ತದೆ ಎಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಔಷಧಕ್ಕಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ಮತ್ತು ಸಹೋದ್ಯೋಗಿಗಳು 1938ರಲ್ಲಿ ಪ್ರಕಟಿಸಿದ ಈ ಕೃತಕ ಈಸ್ಟ್ರೊಜೆನ್ನನ್ನು ಗರ್ಭಪಾತ ತಡೆಯುತ್ತದೆಂಬ ನಂಬಿಕೆಯಿಂದ ಅಮೆರಿಕದಲ್ಲಿ ಲಕ್ಷಾಂತರ ಗರ್ಭಿಣಿಯರಿಗೆ ಕೊಡಲಾಯಿತು. ಹುಟ್ಟಿದ ಮಕ್ಕಳು ಆರೋಗ್ಯವಾಗಿಯೇ ಕಂಡರು. 1971ರಲ್ಲಿ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರು ಹದಿನೈದರಿಂದ ಇಪ್ಪತ್ತೆರಡು ವಯಸ್ಸಿನ ಎಂಟು ತರುಣಿಯರಲ್ಲಿ ಯೋನಿಭಾಗದ ಅತಿ ಅಪರೂಪದ ಕ್ಯಾನ್ಸರನ್ನು ಗುರುತಿಸಿ, ಅವರಲ್ಲಿ ಏಳು ಮಂದಿಯ ತಾಯಂದಿರು ಬಸಿರಿನಲ್ಲಿ ಈ ಮಾತ್ರೆಯನ್ನು ಸೇವಿಸಿದ್ದರೆಂದು ತೋರಿಸುವವರೆಗೆ ಈ ಅಪಾಯ ಬಯಲಾಗಿರಲಿಲ್ಲ. ತಾಯಿ ನುಂಗಿದ್ದರ ಫಲವನ್ನು ಮಗಳು ಎರಡು ದಶಕಗಳ ನಂತರ ಅನುಭವಿಸುವ ಇಂಥ ಹಾನಿಯನ್ನು, ಅದು ಸಂಭವಿಸಿದ ಮೇಲೆ ರೋಗಿಗಳನ್ನು ಎಣಿಸಿ ಕಂಡುಕೊಳ್ಳುವುದು ವಿಜ್ಞಾನದ ಸೋಲು. ವಸ್ತು ಮಾರುಕಟ್ಟೆಗೆ ಬರುವ ಮುನ್ನವೇ, ಕನಿಷ್ಠಪಕ್ಷ ಅದು ಎಲ್ಲರ ಮನೆ ಸೇರುವ ಮುನ್ನ, ಅನುಮಾನಿಸಬೇಕಾದವುಗಳನ್ನು ಬೇರ್ಪಡಿಸುವ ದಾರಿ ಬೇಕಾಗಿತ್ತು.

ಅಮೆರಿಕದ ಸಂಸತ್ತು 1996ರಲ್ಲಿ ಆಹಾರ ಗುಣಮಟ್ಟ ಸಂರಕ್ಷಣಾ ಕಾಯಿದೆಯ ಮೂಲಕ ಕೀಟನಾಶಕಗಳು ಈಸ್ಟ್ರೊಜೆನ್‌ನಂತೆ ವರ್ತಿಸುತ್ತವೆಯೇ ಎಂಬುದನ್ನು ಪರೀಕ್ಷಿಸುವ ಹೊಣೆಯನ್ನು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಗೆ ವಹಿಸಿತು. ಆಜ್ಞೆ ಸುಲಭವಾಗಿತ್ತು, ಪಾಲನೆ ಸುಲಭವಾಗಿರಲಿಲ್ಲ. ಪರೀಕ್ಷೆಯ ಮೊದಲ ಹಂತದಲ್ಲೇ ಹನ್ನೊಂದು ಪ್ರಯೋಗಗಳಿದ್ದು, ಅವುಗಳಲ್ಲಿ ಕೆಲವು ಇಲಿ, ಮೀನು, ಕಪ್ಪೆಗಳ ಮೇಲೆ ವಾರಗಟ್ಟಲೆ ನಡೆಯಬೇಕಾದವು. ಪರೀಕ್ಷೆಗೊಳಪಡಬೇಕಾದ ಮೊದಲ ಪಟ್ಟಿ, 67 ರಾಸಾಯನಿಕಗಳದ್ದು, ಅಂತಿಮ ರೂಪ ಪಡೆದದ್ದೇ 2009ರಲ್ಲಿ. ಅವುಗಳ ಪೈಕಿ 52ರ ಫಲಿತಾಂಶ ಹೊರಬಿದ್ದದ್ದು 2015ರಲ್ಲಿ. ಅದೇ ದೇಶದ ಕೈಗಾರಿಕಾ ರಾಸಾಯನಿಕಗಳ ಅಧಿಕೃತ ಪಟ್ಟಿಯಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಹತ್ತೊಂಬತ್ತು ವರ್ಷಕ್ಕೆ ಐವತ್ತೆರಡು ಎಂಬ ವೇಗದಲ್ಲಿ ಸಾಗಿದರೆ ಆ ಪಟ್ಟಿ ಮುಗಿಯಲು ಎಷ್ಟು ಶತಮಾನಗಳು ಬೇಕೆಂಬುದನ್ನು ಲೆಕ್ಕಹಾಕುವ ಅಗತ್ಯವಿಲ್ಲ. ಅಷ್ಟೂ ಪ್ರಾಣಿಗಳನ್ನು ಕೊಲ್ಲುವುದು ನೈತಿಕವಾಗಿ ಒಪ್ಪತಕ್ಕದ್ದೂ ಅಲ್ಲ. ಯಂತ್ರಕಲಿಕೆ ಈ ಕ್ಷೇತ್ರವನ್ನು ಪ್ರವೇಶಿಸಿದ್ದು ಹೊಸತರ ಮೋಹದಿಂದಲ್ಲ. ಬೇರೆ ದಾರಿ ಕಾಣದ ಈ ಇಕ್ಕಟ್ಟಿನಿಂದ.

ಯಂತ್ರಕ್ಕೆ ಕಲಿಸಬೇಕಾದರೆ ಮೊದಲು ಪಾಠ ಬೇಕು, ಅಂದರೆ ಉತ್ತರ ಗೊತ್ತಿರುವ ಸಾವಿರಾರು ಉದಾಹರಣೆಗಳು. ಅವುಗಳನ್ನು ಒದಗಿಸಿದ್ದು 2007ರಲ್ಲಿ ಆರಂಭವಾದ ಟಾಕ್ಸ್‌ಕ್ಯಾಸ್ಟ್ ಯೋಜನೆ ಮತ್ತು ಅಮೆರಿಕದ ಹಲವು ಸರಕಾರಿ ಸಂಸ್ಥೆಗಳು ಸೇರಿ 2008ರಲ್ಲಿ ಕೈಗೊಂಡ ಟಾಕ್ಸ್21 ಯೋಜನೆ. ಇಲ್ಲಿ ಪ್ರಯೋಗದ ಪಾತ್ರೆ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 1,536 ಪುಟ್ಟ ಕುಳಿಗಳು. ಒಂದೊಂದು ಕುಳಿಯಲ್ಲೂ ಕೆಲವೇ ಮೈಕ್ರೊಲೀಟರ್ ದ್ರವ ಮತ್ತು ಅದರೊಳಗೆ ಸಾಕಿದ ಮನುಷ್ಯ ಜೀವಕೋಶಗಳು. ಈ ಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಿ ಇರುತ್ತದೆ. ಗ್ರಾಹಿಯೆಂದರೆ ನಿರ್ದಿಷ್ಟ ಹಾರ್ಮೋನನ್ನು ಹಿಡಿದುಕೊಂಡು ಅದರ ಸಂದೇಶವನ್ನು ವಂಶವಾಹಿಗಳಿಗೆ ತಲುಪಿಸುವ ಪ್ರೋಟೀನು. ಗ್ರಾಹಿ ಚುರುಕುಗೊಂಡಾಗ ಮಿಂಚುಹುಳದಲ್ಲಿರುವಂಥದೇ ಬೆಳಕಿನ ಕಿಣ್ವವೊಂದು ತಯಾರಾಗುವಂತೆ ಕೋಶಗಳ ವಂಶವಾಹಿಯನ್ನು ಮಾರ್ಪಡಿಸಿರಲಾಗುತ್ತದೆ. ರೋಬೋಟಿನ ತೋಳು ಕುಳಿಗಳಿಗೆ ಪರೀಕ್ಷಿಸಬೇಕಾದ ರಾಸಾಯನಿಕವನ್ನು ಬೇರೆ ಬೇರೆ ಸಾಂದ್ರತೆಗಳಲ್ಲಿ ಹನಿಸುತ್ತದೆ. ನಿಗದಿತ ಅವಧಿಯ ನಂತರ ಯಾವ ಕುಳಿ ಎಷ್ಟು ಬೆಳಗಿತೆಂಬುದನ್ನು ಉಪಕರಣ ದಾಖಲಿಸುತ್ತದೆ. ಹೀಗೆ ಸುಮಾರು ಹತ್ತು ಸಾವಿರ ರಾಸಾಯನಿಕಗಳು ಹತ್ತಾರು ಬಗೆಯ ಪರೀಕ್ಷೆಗಳನ್ನು ಹಾದುಹೋದವು.

ಬೆಳಗಿದ್ದೆಲ್ಲ ಹಾರ್ಮೋನುಭಂಜಕವಲ್ಲ, ಬೆಳಗದ್ದೆಲ್ಲ ನಿರಪರಾಧಿಯೂ ಅಲ್ಲ. ಕೆಲವು ವಸ್ತುಗಳು ತಾವೇ ಪ್ರತಿದೀಪ್ತಿಯಿಂದ ಹೊಳೆಯುತ್ತವೆ. ಕೆಲವು ಬೆಳಕಿನ ಕಿಣ್ವವನ್ನೇ ತಡೆಯುತ್ತವೆ. ಇನ್ನು ಕೆಲವು ಸಾಂದ್ರತೆ ಏರಿದಂತೆ ಕೋಶಗಳನ್ನೇ ಕೊಲ್ಲುವುದರಿಂದ, ಸಾಯುವ ಕೋಶಗಳ ಗೊಂದಲದಲ್ಲಿ ಹತ್ತಾರು ಸುಳ್ಳು ಸೂಚನೆಗಳು ಏಳುತ್ತವೆ. ಈ ತೊಡಕನ್ನು ಬಿಡಿಸಲು ರಿಚರ್ಡ್ ಜಡ್ಸನ್ ಮತ್ತು ಸಂಗಡಿಗರು 2015ರಲ್ಲಿ ಅನುಸರಿಸಿದ ಕ್ರಮ ಮೆಚ್ಚತಕ್ಕದ್ದು. ಒಂದೇ ಪರೀಕ್ಷೆಯ ಮಾತನ್ನು ನಂಬದೆ, ರಾಸಾಯನಿಕವು ಗ್ರಾಹಿಗೆ ಅಂಟುವುದು, ಎರಡು ಗ್ರಾಹಿಗಳು ಜೋಡಿಯಾಗುವುದು, ಆ ಜೋಡಿ ಡಿಎನ್‌ಎಗೆ ತಗುಲುವುದು, ವಂಶವಾಹಿಯ ನಕಲು ಆರಂಭವಾಗುವುದು, ಕೊನೆಗೆ ಕೋಶಗಳ ಸಂಖ್ಯೆ ಹೆಚ್ಚುವುದು ಎಂಬ ಒಂದೊಂದು ಮೆಟ್ಟಿಲನ್ನೂ ಬೇರೆ ಬೇರೆ ತಂತ್ರಗಳಿಂದ ಅಳೆಯುವ ಹದಿನೆಂಟು ಪರೀಕ್ಷೆಗಳನ್ನು ಅವರು ಒಟ್ಟುಗೂಡಿಸಿದರು. ನಿಜವಾದ ಈಸ್ಟ್ರೊಜೆನ್ ಪ್ರಭಾವವಿದ್ದರೆ ಅದು ಎಲ್ಲ ಮೆಟ್ಟಿಲುಗಳಲ್ಲೂ ಕಾಣಬೇಕು. ಒಂದೇ ತಂತ್ರದಲ್ಲಿ ಮಾತ್ರ ಕಂಡರೆ ಅದು ತಂತ್ರದ ದೋಷ. ಹೀಗೆ ಪರೀಕ್ಷಿಸಿದ 1,812 ರಾಸಾಯನಿಕಗಳಲ್ಲಿ ಪ್ರಬಲ ಪ್ರಭಾವವುಳ್ಳವೆಂದು ತೇರ್ಗಡೆಯಾದವು 111 ಮಾತ್ರ. ಈ ವಿಧಾನ ಎಷ್ಟು ವಿಶ್ವಾಸಾರ್ಹವೆಂದರೆ, ಇಲಿಗಳ ಗರ್ಭಕೋಶದ ತೂಕ ಹೆಚ್ಚುತ್ತದೆಯೇ ಎಂದು ನೋಡುವ ಹಳೆಯ ಪ್ರಯೋಗವೂ ಸೇರಿದಂತೆ ಮೊದಲ ಹಂತದ ಮೂರು ಪರೀಕ್ಷೆಗಳಿಗೆ ಬದಲಾಗಿ ಇದರ ಫಲಿತಾಂಶವನ್ನು ಒಪ್ಪುವುದಾಗಿ ಪರಿಸರ ಸಂರಕ್ಷಣಾ ಸಂಸ್ಥೆ ಅದೇ ವರ್ಷ ಪ್ರಕಟಿಸಿತು.

ಇಲ್ಲಿಂದ ಮುಂದಿನದು ಯಂತ್ರದ ಕೆಲಸ. ಪ್ರಯೋಗಾಲಯಕ್ಕೆ ಎಂದೂ ಬಾರದ ಒಂದು ರಾಸಾಯನಿಕದ ರಚನೆಯನ್ನು ಮಾತ್ರ ತೋರಿಸಿ, ಅದು ಗ್ರಾಹಿಗೆ ಅಂಟುವ ಸಂಭವವೆಷ್ಟು ಎಂದು ಹೇಳಿಸುವುದೇ ಗುರಿ. ಇದಕ್ಕಾಗಿ ಅಣುವನ್ನು ಸಂಖ್ಯೆಗಳ ಸಾಲಾಗಿ ಬರೆಯಬೇಕು. ಅದರ ತೂಕ, ನೀರಿಗಿಂತ ಕೊಬ್ಬಿನಲ್ಲಿ ಎಷ್ಟು ಹೆಚ್ಚು ಕರಗುತ್ತದೆ ಎಂಬ ಅನುಪಾತ, ಬೆಂಜೀನ್ ಉಂಗುರಗಳ ಸಂಖ್ಯೆ, ಕ್ಲೋರಿನ್ ಪರಮಾಣುಗಳ ಸಂಖ್ಯೆ ಮುಂತಾದವು ಅಣುವಿವರಕಗಳೆನಿಸುತ್ತವೆ. ಇಂತಿಂಥ ತುಣುಕು ಈ ಅಣುವಿನಲ್ಲಿ ಇದೆಯೇ ಇಲ್ಲವೇ ಎಂಬುದನ್ನು ಸಾವಿರಾರು ಒಂದು-ಸೊನ್ನೆಗಳ ಸಾಲಿನಲ್ಲಿ ಗುರುತಿಸಿದರೆ ಅದು ಅಣುವಿನ ಬೆರಳಚ್ಚು. ಈ ಸಾಲುಗಳನ್ನೂ ಪ್ರಯೋಗದ ಉತ್ತರಗಳನ್ನೂ ಜೋಡಿಸಿ ಕೊಟ್ಟಾಗ, ಯಾವ ಲಕ್ಷಣಗಳ ಕೂಟ ಯಾವ ಉತ್ತರದ ಜೊತೆ ಬರುತ್ತದೆಂಬ ನಿಯಮವನ್ನು ಯಂತ್ರ ತಾನೇ ಕಂಡುಕೊಳ್ಳುತ್ತದೆ. ನೂರಾರು ನಿರ್ಧಾರವೃಕ್ಷಗಳನ್ನು ಬೆಳೆಸಿ ಅವುಗಳ ಬಹುಮತವನ್ನು ಉತ್ತರವೆಂದು ಸ್ವೀಕರಿಸುವ ವಿಧಾನ ಒಂದು. ಪದರಪದರವಾಗಿ ಜೋಡಿಸಿದ ಕೃತಕ ನರಜಾಲ ಇನ್ನೊಂದು. ಅಣುವಿನ ಪರಮಾಣುಗಳನ್ನು ಬಿಂದುಗಳೆಂದೂ ಬಂಧಗಳನ್ನು ಗೆರೆಗಳೆಂದೂ ಭಾವಿಸಿ ನೇರವಾಗಿ ಚಿತ್ರದಿಂದಲೇ ಕಲಿಯುವ ನರಜಾಲ ಮತ್ತೊಂದು. 2014ರಲ್ಲಿ ಟಾಕ್ಸ್21 ತನ್ನ ಹನ್ನೆರಡು ಪರೀಕ್ಷೆಗಳ ಫಲಿತಾಂಶವನ್ನು ಪಂಥವಾಗಿ ಒಡ್ಡಿದಾಗ ಒಟ್ಟಾರೆ ಗೆದ್ದದ್ದು ಆಸ್ಟ್ರಿಯಾದ ಲಿಂಜ್ ನಗರದ ಯೋಹಾನ್ನೆಸ್ ಕೆಪ್ಲರ್ ವಿಶ್ವವಿದ್ಯಾಲಯದ ತಂಡ ರೂಪಿಸಿದ ಡೀಪ್‌ಟಾಕ್ಸ್ ಎಂಬ ಆಳ ನರಜಾಲ.

ಯಂತ್ರ ಕಲಿಯುವ ನಿಯಮಗಳು ರಸಾಯನವಿಜ್ಞಾನಿಗೆ ಅಪರಿಚಿತವಲ್ಲ. ಈಸ್ಟ್ರಡೈಯೋಲ್ ಅಣುವಿನ ಒಂದು ತುದಿಯಲ್ಲಿ ಫೀನಾಲ್, ಅಂದರೆ ಬೆಂಜೀನ್ ಉಂಗುರಕ್ಕೆ ಅಂಟಿದ ಆಕ್ಸಿಜನ್-ಹೈಡ್ರೊಜನ್ ಜೋಡಿ ಇದೆ. ಇನ್ನೊಂದು ತುದಿಯಲ್ಲಿ ಮತ್ತೊಂದು ಆಕ್ಸಿಜನ್-ಹೈಡ್ರೊಜನ್ ಜೋಡಿ. ಈ ಎರಡರ ನಡುವಣ ಅಂತರ ಸುಮಾರು 11 ಆಂಗ್‌ಸ್ಟ್ರಾಮ್. ನಡುವೆ ಇರುವುದು ನೀರನ್ನು ಒಲ್ಲದ ಕಾರ್ಬನ್ ಮೈ. ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ ಪಾತ್ರೆ, ಡಬ್ಬಗಳ ಒಳಲೇಪ, ಅಂಗಡಿಯ ಬಿಲ್ಲಿನ ಕಾಗದಗಳಲ್ಲಿ ಬಳಕೆಯಾದ ಬಿಸ್ಫೀನಾಲ್-ಎ (ಬಿಪಿಎ)ಯಲ್ಲಿಯೂ ಎರಡು ಫೀನಾಲ್ ಉಂಗುರಗಳು ಒಂದು ಕಾರ್ಬನ್ನಿನ ಎರಡು ಬದಿಗೆ ಕೂತಿವೆ. ಅದರ ಈಸ್ಟ್ರೊಜೆನ್ ಗುಣವನ್ನು ಡಾಡ್ಸ್ ಮತ್ತು ಲಾಸನ್ 1936ರಲ್ಲೇ, ಅದು ಪ್ಲಾಸ್ಟಿಕ್ಕಿಗೆ ಸೇರುವ ಎಷ್ಟೋ ಮೊದಲೇ, ವರದಿಮಾಡಿದ್ದರೆಂಬುದು ಇಂದು ಓದುವವರ ಮನಸ್ಸನ್ನು ಕಲಕುತ್ತದೆ. ಗೊತ್ತಿದ್ದೂ ಬಳಸಲಾಯಿತು. ದಶಕಗಳ ನಂತರ ವಿರೋಧ ಎದ್ದಾಗ ತಯಾರಕರು ನಡುವಿನ ಕಾರ್ಬನ್ನಿನ ಜಾಗದಲ್ಲಿ ಗಂಧಕವನ್ನಿಟ್ಟು ಬಿಸ್ಫೀನಾಲ್-ಎಸ್ ಬಳಸತೊಡಗಿದರು, ‘ಬಿಪಿಎ ರಹಿತ’ ಎಂಬ ಚೀಟಿ ಅಂಟಿಸಿದರು. ಬೆರಳಚ್ಚುಗಳನ್ನು ಹೋಲಿಸುವ ಯಂತ್ರಕ್ಕೆ ಈ ಬದಲಿಯ ಹೆಸರಿನ ಹಂಗಿಲ್ಲ. ಎರಡು ಫೀನಾಲ್ ಉಂಗುರಗಳು ಅಲ್ಲೇ ಇರುವುದನ್ನು ಅದು ಕಾಣುತ್ತದೆ. ಒಂದು ಕೆಡುಕಿನ ಜಾಗಕ್ಕೆ ಅದರ ಸೋದರನನ್ನೇ ತಂದು ಕೂರಿಸುವ ಈ ಪದ್ಧತಿಯನ್ನು ಮಾರುಕಟ್ಟೆಯ ಬಾಗಿಲಲ್ಲೇ ತಡೆಯುವುದು ಯಂತ್ರಕಲಿಕೆ ಮಾಡಬಲ್ಲ ಅತ್ಯಂತ ಉಪಯುಕ್ತ ಕೆಲಸವೆಂದರೆ ತಪ್ಪಾಗದು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಸ್ಫೀನಾಲ್-ಎಯ ಸಹನೀಯ ದೈನಿಕ ಸೇವನೆಯ ಮಿತಿಯನ್ನು, 2015ರ ಮಿತಿಯ ಇಪ್ಪತ್ತು ಸಾವಿರದ ಒಂದು ಭಾಗಕ್ಕೆ, ಅಂದರೆ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ 0.2 ನ್ಯಾನೊಗ್ರಾಂಗೆ ಇಳಿಸಿತೆಂಬುದನ್ನು ಗಮನಿಸಿದರೆ ತಡವಾಗಿ ಎಚ್ಚರಗೊಳ್ಳುವುದರ ಬೆಲೆ ಅರ್ಥವಾಗುತ್ತದೆ.

ಯಂತ್ರದ ಜಾಣತನವನ್ನು ಅಳೆಯುವ ಕ್ರಮದಲ್ಲೇ ಒಂದು ಮೋಸದ ಸಂದು ಇದೆ. ಮೇಲೆ ಹೇಳಿದ 1,812 ರಾಸಾಯನಿಕಗಳಲ್ಲಿ ಪ್ರಬಲವಾದವು 111 ಎಂದಮೇಲೆ, ಏನನ್ನೂ ಕಲಿಯದೆ ಎಲ್ಲಕ್ಕೂ ‘ಇಲ್ಲ’ ಎಂದು ಹೇಳುವ ಯಂತ್ರವೂ ನೂರಕ್ಕೆ ಸುಮಾರು 94 ಸಲ ಸರಿಯಾಗಿರುತ್ತದೆ, ಆದರೆ ಹಿಡಿಯಬೇಕಾದ ಒಂದನ್ನೂ ಹಿಡಿದಿರುವುದಿಲ್ಲ. ಆದ್ದರಿಂದ ಪ್ರಾಮಾಣಿಕ ಸಂಶೋಧಕರು ಎರಡು ಅಳತೆಗಳನ್ನು ಬೇರೆಯಾಗಿ ನೋಡುತ್ತಾರೆ: ನಿಜವಾದ ಭಂಜಕಗಳಲ್ಲಿ ಎಷ್ಟನ್ನು ಹಿಡಿಯಿತು, ನಿರಪಾಯಕಾರಿಗಳಲ್ಲಿ ಎಷ್ಟನ್ನು ಸುಮ್ಮನೆ ಬಿಟ್ಟಿತು. ಇವೆರಡರ ಸರಾಸರಿಗೆ ಸಮತೂಕದ ನಿಖರತೆ ಎಂದು ಹೆಸರು. ಎಲ್ಲಕ್ಕೂ ‘ಇಲ್ಲ’ ಎನ್ನುವ ಯಂತ್ರ ಈ ಅಳತೆಯಲ್ಲಿ ಐವತ್ತಕ್ಕೆ ಇಳಿಯುತ್ತದೆ. ಪತ್ರಿಕೆಗಳಲ್ಲಿ ‘ಶೇಕಡ 95 ನಿಖರ’ ಎಂಬ ಶೀರ್ಷಿಕೆ ಕಂಡಾಗ ಯಾವ ನಿಖರತೆ ಎಂದು ಕೇಳುವ ಹಕ್ಕು ಓದುಗರಿಗಿದೆ. ಕಲಿಸಿದ ಅಣುಗಳ ಹತ್ತಿರದ ಬಂಧುಗಳನ್ನೇ ಪರೀಕ್ಷೆಯಲ್ಲೂ ಕೇಳಿದರೆ ಅಂಕಗಳು ಏರುವುದು ಸಹಜವಾದ್ದರಿಂದ, ಮೂಲ ಚೌಕಟ್ಟೇ ಬೇರೆಯಾದ ಅಣುಗಳನ್ನು ಪರೀಕ್ಷೆಗೆಂದು ಪ್ರತ್ಯೇಕವಾಗಿ ತೆಗೆದಿರಿಸುವುದು ಇನ್ನೊಂದು ಶಿಸ್ತು.

ಒಂದು ಯಂತ್ರದ ಮಾತಿಗಿಂತ ಹಲವು ಯಂತ್ರಗಳ ಸಮ್ಮತ ಮಾತು ಮೇಲೆಂಬ ತಿಳಿವಳಿಕೆಯಿಂದ ಹುಟ್ಟಿದ್ದು ಸೆರಾಪ್ ಎಂದು ಹೆಸರಾದ ಸಹಯೋಗ. ಕಮೆಲ್ ಮನ್ಸೂರಿ ಮುಂದಾಳಾಗಿ 2016ರಲ್ಲಿ ಪ್ರಕಟಿಸಿದ ಈ ಕೆಲಸದಲ್ಲಿ ಅಮೆರಿಕ ಮತ್ತು ಯುರೋಪಿನ ಹದಿನೇಳು ತಂಡಗಳು, ಟಾಕ್ಸ್‌ಕ್ಯಾಸ್ಟಿನ 1,677 ರಾಸಾಯನಿಕಗಳ ಪಾಠದಿಂದ ತಮ್ಮ ತಮ್ಮ ಮಾದರಿಗಳನ್ನು ಕಟ್ಟಿ, ಒಟ್ಟು 48 ಮಾದರಿಗಳನ್ನು ಒಂದುಗೂಡಿಸಿ, ಮನುಷ್ಯರ ಸಂಪರ್ಕಕ್ಕೆ ಬರುವ 32,464 ರಚನೆಗಳನ್ನು ಜರಡಿ ಹಿಡಿದವು. ಅವುಗಳಲ್ಲಿ 4,001 ಮೊದಲ ಆದ್ಯತೆಯಲ್ಲಿ ಪರೀಕ್ಷಿಸಬೇಕಾದವೆಂದೂ, ಇನ್ನೂ 6,742 ಅನುಮಾನಿಸಬೇಕಾದವೆಂದೂ ಪಟ್ಟಿಯಾದವು. ಪುರುಷ ಹಾರ್ಮೋನಿನ ಗ್ರಾಹಿಯ ಬಗ್ಗೆ ಇದೇ ಬಗೆಯ ಕೊಂಪಾರಾ ಎಂಬ ಸಹಯೋಗ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ 25 ತಂಡಗಳು, 91 ಮಾದರಿಗಳು, 55,450 ರಾಸಾಯನಿಕಗಳು. ಹತ್ತೊಂಬತ್ತು ವರ್ಷಕ್ಕೆ 52 ಎಂಬ ಲೆಕ್ಕದ ಪಕ್ಕದಲ್ಲಿ ಈ ಸಂಖ್ಯೆಗಳನ್ನಿಟ್ಟು ನೋಡಿದರೆ ಆಗಿರುವ ಬದಲಾವಣೆ ಸ್ಪಷ್ಟವಾಗುತ್ತದೆ. ಆದರೆ ಎರಡೂ ಒಂದೇ ಬಗೆಯ ಸಂಖ್ಯೆಗಳಲ್ಲ: ಮೊದಲನೆಯದು ಪರೀಕ್ಷೆಯ ಫಲಿತಾಂಶ, ಎರಡನೆಯದು ಯಾವುದನ್ನು ಮೊದಲು ಪರೀಕ್ಷಿಸಬೇಕೆಂಬ ಸರದಿ. ಈ ವ್ಯತ್ಯಾಸವನ್ನು ಮರೆತಲ್ಲಿ ಯಂತ್ರಕಲಿಕೆ ಉಪಕಾರಿಯಾಗುವ ಬದಲು ಅಪಾಯಕಾರಿಯಾಗುತ್ತದೆ.

ಮರೆವಿನ ಅಪಾಯ ಎಲ್ಲೆಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಂತ್ರ ಯಾವ ಬಗೆಯ ಅಣುಗಳಿಂದ ಕಲಿತಿದೆಯೋ ಅಂಥವುಗಳ ಬಗ್ಗೆ ಮಾತ್ರ ಅದರ ಮಾತಿಗೆ ಬೆಲೆ. ಅನ್ವಯವ್ಯಾಪ್ತಿ ಎಂದು ಹೆಸರಿರುವ ಈ ಎಲ್ಲೆಯೇ ಮೊದಲ ತೊಡಕು. ಈ ಮಾದರಿಗಳನ್ನು ಕಟ್ಟುವಾಗ ದತ್ತಾಂಶವನ್ನು ಶುದ್ಧಗೊಳಿಸುವ ಹಂತದಲ್ಲಿಯೇ ನಿರವಯವ ವಸ್ತುಗಳನ್ನೂ ಮಿಶ್ರಣಗಳನ್ನೂ ಕೈಬಿಡಲಾಗುತ್ತದೆ. ಪಟಾಕಿ ಮತ್ತು ರಾಕೆಟ್ ಇಂಧನಗಳಲ್ಲಿ ಬಳಸುವ ಪರ್ಕ್ಲೋರೇಟ್ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರುವುದನ್ನು ತಡೆಯುವ ಪ್ರಸಿದ್ಧ ವಸ್ತು. ಅದರಲ್ಲಿ ಕಾರ್ಬನ್ನೇ ಇಲ್ಲವಾದ್ದರಿಂದ ಮೇಲಿನ ಮಾದರಿಗಳಿಗೆ ಅದರ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಅಡಿಕೆ ತೋಟಗಳಿಗೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಬಗ್ಗೆಯೂ ಅವು ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ನುಡಿಯಲಾರವು. ಯಂತ್ರ ಸುಮ್ಮನಿರುವುದಕ್ಕೂ ಯಂತ್ರ ‘ಇಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿದೆ. ವರದಿಯ ಕೋಷ್ಟಕದಲ್ಲಿ ಅದು ಎಷ್ಟೋ ಸಲ ಅಳಿಸಿಹೋಗುತ್ತದೆ.

ಎರಡನೆಯ ತೊಡಕು ದೇಹದೊಳಗಿನ ರೂಪಾಂತರ. ತಟ್ಟೆಯ ಕುಳಿಯಲ್ಲಿರುವ ಕೋಶಕ್ಕೆ ಯಕೃತ್ತಿನ ಶಕ್ತಿ ಇಲ್ಲ. ಮೆಥಾಕ್ಸಿಕ್ಲೋರ್ ಎಂಬ ಕೀಟನಾಶಕ ತಾನಾಗಿ ಈಸ್ಟ್ರೊಜೆನ್ ಗ್ರಾಹಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಯಕೃತ್ತು ಅದರ ಎರಡು ಮೀಥೈಲ್ ಗುಂಪುಗಳನ್ನು ಕಳಚಿದಾಗ ಎರಡು ಫೀನಾಲ್ ತುದಿಗಳು ಹೊರಬಿದ್ದು, ಆ ಹೊಸ ಅಣು ಗ್ರಾಹಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ವಿಷವನ್ನು ಹೊರಹಾಕಲೆಂದು ದೇಹ ಮಾಡಿದ ಕೆಲಸವೇ ಇಲ್ಲಿ ಭಂಜಕವನ್ನು ತಯಾರಿಸುತ್ತದೆ. ಡಿಡಿಟಿಯ ಕಥೆ ಇನ್ನೂ ಜಟಿಲ: ಮಾರಾಟದ ಡಿಡಿಟಿಯಲ್ಲಿ ಬೆರೆತಿರುವ ಒಂದು ರೂಪ ಈಸ್ಟ್ರೊಜೆನ್‌ನಂತೆ ವರ್ತಿಸಿದರೆ, ಅದರ ಮುಖ್ಯ ರೂಪ ದೇಹದಲ್ಲಿಯೂ ಮಣ್ಣಿನಲ್ಲಿಯೂ ಒಡೆದು ಉಂಟಾಗುವ ಡಿಡಿಇ ಪುರುಷ ಹಾರ್ಮೋನಿನ ಗ್ರಾಹಿಗೆ ಅಡ್ಡಗಟ್ಟುತ್ತದೆ. ಆದ್ದರಿಂದ ಮೂಲ ಅಣುವನ್ನಷ್ಟೇ ಅಲ್ಲದೆ ಅದರಿಂದ ಹುಟ್ಟಬಹುದಾದ ಅಣುಗಳನ್ನೂ ಮೊದಲು ಊಹಿಸಿ, ಅನಂತರ ಅವೆಲ್ಲವನ್ನೂ ಜರಡಿಗೆ ಹಾಕುವ ಎರಡು ಮೆಟ್ಟಿಲಿನ ಕ್ರಮ ಬೇಕಾಗುತ್ತದೆ.

ಮೂರನೆಯ ತೊಡಕು ಎಲ್ಲಕ್ಕಿಂತ ದೊಡ್ಡದು, ಮತ್ತು ಅದು ಕನ್ನಡ ಮಾತಾಡುವ ನೆಲಕ್ಕೆ ಹತ್ತಿರದ್ದು. ಕಾಸರಗೋಡು ಜಿಲ್ಲೆಯ ಪಡ್ರೆ, ಎಣ್ಮಕಜೆ ಭಾಗದ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಜನರೂ ಅಂಥದೇ ಸಿಂಪರಣೆಯ ಕೆಳಗೆ ಬದುಕಿದರು. ಪತ್ರಕರ್ತ ಶ್ರೀಪಡ್ರೆ ಅವರ ಬರಹಗಳೂ, ಊರಿನ ರೋಗಿಗಳನ್ನು ದಿನವೂ ನೋಡುತ್ತಿದ್ದ ಸ್ಥಳೀಯ ವೈದ್ಯರ ಎಚ್ಚರಿಕೆಯೂ ಈ ದುರಂತವನ್ನು ಹೊರಜಗತ್ತಿಗೆ ತಿಳಿಸಿದವು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರು ಕಾಸರಗೋಡಿನ 117 ಶಾಲಾ ಬಾಲಕರನ್ನು ಸಿಂಪರಣೆಗೆ ಒಳಗಾಗದ ಊರಿನ 90 ಬಾಲಕರೊಂದಿಗೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಡೋಸಲ್ಫಾನ್ ಸೋಂಕಿದ ಬಾಲಕರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿರುವುದೂ, ವಯಸ್ಸಿಗೆ ತಕ್ಕಷ್ಟು ಟೆಸ್ಟೊಸ್ಟೆರೋನ್ ಇಲ್ಲದಿರುವುದೂ, ಅದನ್ನು ತಯಾರಿಸೆಂದು ವೃಷಣಗಳಿಗೆ ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಕಳಿಸುವ ಹಾರ್ಮೋನು ಮಾತ್ರ ಹೆಚ್ಚಾಗಿರುವುದೂ ಕಂಡುಬಂದವು. ಅಧ್ಯಯನದ ಗಾತ್ರ ಚಿಕ್ಕದೆಂಬುದನ್ನು ಅದರ ಲೇಖಕರೇ ಒಪ್ಪಿದ್ದಾರೆ. ಆದರೂ ಅದು ಬೊಟ್ಟುಮಾಡುವ ದಿಕ್ಕು ಮಹತ್ವದ್ದು. ಆಜ್ಞೆ ಹೋಗುತ್ತಿದೆ, ತಯಾರಿಕೆ ನಡೆಯುತ್ತಿಲ್ಲ ಎಂದರೆ ದೋಷವಿರುವುದು ಹಾರ್ಮೋನಿನ ಉತ್ಪಾದನೆಯಲ್ಲಿ.

‘ಈ ಅಣು ಗ್ರಾಹಿಗೆ ಅಂಟುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರಿಸಲು ಕಲಿತ ಯಂತ್ರ ‘ಈ ಅಣು ಹಾರ್ಮೋನಿನ ತಯಾರಿಕೆಯನ್ನು ತಡೆಯುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರಿಸಲಾರದು. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸುವ ಥ್ಯಾಲೇಟುಗಳದ್ದೂ ಇದೇ ಸ್ಥಿತಿ: ಅವುಗಳಲ್ಲಿ ಕೆಲವು ಗರ್ಭಸ್ಥ ಗಂಡು ಇಲಿಮರಿಗಳಲ್ಲಿ ಟೆಸ್ಟೊಸ್ಟೆರೋನ್ ತಯಾರಿಕೆಯನ್ನು ತಗ್ಗಿಸುತ್ತವೆ, ಪುರುಷ ಹಾರ್ಮೋನಿನ ಗ್ರಾಹಿಯನ್ನು ಹಿಡಿಯುವುದಿಲ್ಲ, ಗ್ರಾಹಿಯ ಮಾದರಿಯಲ್ಲಿ ಅವು ನಿರಪರಾಧಿಗಳಾಗಿ ಹೊರಬರುತ್ತವೆ. ಎಂಡೋಸಲ್ಫಾನಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾರಾಟದ ಎಂಡೋಸಲ್ಫಾನ್ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳ ಮಿಶ್ರಣ. ಪರಮಾಣುಗಳೂ ಬಂಧಗಳೂ ಎರಡರಲ್ಲಿ ಒಂದೇ, ಅವು ಮೂರು ಆಯಾಮಗಳಲ್ಲಿ ಚಾಚಿಕೊಂಡಿರುವ ರೀತಿ ಮಾತ್ರ ಬೇರೆ. ಅಣುವನ್ನು ಸಮತಲದ ಚಿತ್ರವಾಗಿ ಓದುವ ಮಾದರಿಗಳಿಗೆ ಎರಡೂ ಒಂದೇ ವಸ್ತು. ಜೊತೆಗೆ ಎಂಡೋಸಲ್ಫಾನ್ ದೇಹದಲ್ಲಿಯೂ ಮಣ್ಣಿನಲ್ಲಿಯೂ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗಿ ದೀರ್ಘಕಾಲ ಉಳಿಯುತ್ತದೆ. ಇಷ್ಟು ಎಳೆಗಳಿರುವ ವಸ್ತುವನ್ನು ಒಂದೇ ಸಂಖ್ಯೆಗೆ ಇಳಿಸಿ ತೀರ್ಪು ಕೊಡುವುದು ವಿಜ್ಞಾನವಾಗಲಾರದು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿದದ್ದು ಯಾವ ಮಾದರಿಯ ಬಲದಿಂದಲೂ ಅಲ್ಲ. ಮನುಷ್ಯರ ಮೈಮೇಲೆ ಕಂಡ ಹಾನಿಯ ಬಲದಿಂದ. ಈ ಕ್ರಮವನ್ನು ತಿರುಗುಮುರುಗು ಮಾಡುವುದು, ಅಂದರೆ ಹಾನಿಗೆ ಮುಂಚೆ ಅನುಮಾನ ಏಳುವಂತೆ ಮಾಡುವುದು, ಯಂತ್ರಕಲಿಕೆಯಿಂದ ಸಾಧ್ಯವಾಗಬೇಕಾದರೆ ಗ್ರಾಹಿಗಳ ಜೊತೆಗೆ ಹಾರ್ಮೋನಿನ ತಯಾರಿಕೆ, ಸಾಗಣೆ, ವಿಸರ್ಜನೆಗಳಿಗೂ ಅಷ್ಟೇ ಶ್ರದ್ಧೆಯಿಂದ ಪಾಠಗಳನ್ನು ಸಿದ್ಧಪಡಿಸಬೇಕು. ಅಡ್ರಿನಲ್ ಗ್ರಂಥಿಯ ಕ್ಯಾನ್ಸರ್ ಕೋಶಗಳು ಹೊರಬಿಡುವ ಟೆಸ್ಟೊಸ್ಟೆರೋನ್ ಮತ್ತು ಈಸ್ಟ್ರಡೈಯೋಲ್ ಪ್ರಮಾಣವನ್ನು ಅಳೆಯುವ ಪರೀಕ್ಷೆಯೊಂದು ಅಂತಾರಾಷ್ಟ್ರೀಯ ಮನ್ನಣೆ ಪಡೆದು ಬಳಕೆಯಲ್ಲಿದೆ. ಆ ದಿಕ್ಕಿನ ದತ್ತಾಂಶ ಹೆಚ್ಚಬೇಕು.

ಮಿಶ್ರಣದ ಮಾತನ್ನೂ ಬಿಡುವಂತಿಲ್ಲ. ಲಂಡನ್ನಿನಲ್ಲಿ ಆಂಡ್ರಿಯಾಸ್ ಕೋರ್ಟೆನ್‌ಕಾಂಪ್ ಮತ್ತು ಸಂಗಡಿಗರು 2002ರಲ್ಲಿ ಎಂಟು ದುರ್ಬಲ ಈಸ್ಟ್ರೊಜೆನ್‌ಗಳನ್ನು, ಒಂದೊಂದೂ ತಾನಾಗಿ ಗುರುತಿಸಬಲ್ಲ ಪರಿಣಾಮ ತೋರದಷ್ಟು ಕಡಿಮೆ ಪ್ರಮಾಣದಲ್ಲಿ ತೆಗೆದುಕೊಂಡು ಬೆರೆಸಿದಾಗ, ಮಿಶ್ರಣ ಸ್ಪಷ್ಟ ಪರಿಣಾಮ ತೋರಿತು. ರೈತ ಒಂದೇ ಡ್ರಮ್ಮಿನಲ್ಲಿ ಎರಡು ಮೂರು ಔಷಧಿ ಕಲಸಿ ಹೊಡೆಯುವುದು ಯಾವ ಹಳ್ಳಿಯಲ್ಲೂ ಹೊಸತಲ್ಲ. ಜೊತೆಗೆ, ಬಾಟಲಿಯಲ್ಲಿ ಮುಖ್ಯ ವಿಷವಲ್ಲದೆ ಅದನ್ನು ಎಲೆಗೆ ಅಂಟಿಸುವ, ನೀರಿನಲ್ಲಿ ಬೆರೆಸುವ ಸಹಾಯಕ ದ್ರವ್ಯಗಳೂ ಇರುತ್ತವೆ. ಅವುಗಳಲ್ಲಿ ಕೆಲವು ಒಡೆದು ನಾನಿಲ್‌ಫೀನಾಲ್ ಆಗುತ್ತವೆ. ಅನಾ ಸೋಟೊ ಮತ್ತು ಕಾರ್ಲೋಸ್ ಸೊನ್ನೆನ್‌ಶೀನ್ ತಮ್ಮ ಪ್ರಯೋಗಾಲಯದ ಪ್ಲಾಸ್ಟಿಕ್ ಪ್ರನಾಳಗಳಿಂದ ಒಸರಿ ಕೋಶಗಳನ್ನು ಬೆಳೆಸಿದ ಅಪರಿಚಿತ ವಸ್ತುವನ್ನು ಹುಡುಕಿ 1991ರಲ್ಲಿ ವರದಿಮಾಡಿದ್ದು ಇದೇ ನಾನಿಲ್‌ಫೀನಾಲನ್ನು. ಒಂದೊಂದೇ ಅಣುವನ್ನು ತೂಗುವ ಯಂತ್ರದ ಮುಂದೆ ಇಡೀ ಬಾಟಲಿಯನ್ನು ಇಡುವ ವಿಧಾನ ಇನ್ನೂ ಬಲಿಯಬೇಕಾಗಿದೆ.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ ಸದಸ್ಯ ದೇಶಗಳು 2004ರಲ್ಲಿ ಒಪ್ಪಿದ ಐದು ತತ್ವಗಳು ಇಂಥ ಮಾದರಿಗಳಿಗೆ ಇಂದಿಗೂ ಕಾವಲು: ಉತ್ತರಿಸುವ ಪ್ರಶ್ನೆ ಖಚಿತವಾಗಿರಬೇಕು, ಲೆಕ್ಕದ ಕ್ರಮ ಸಂದಿಗ್ಧವಾಗಿರಬಾರದು, ಅನ್ವಯವ್ಯಾಪ್ತಿಯನ್ನು ಹೇಳಬೇಕು, ನಿಖರತೆಯ ಅಳತೆ ಕೊಡಬೇಕು, ಸಾಧ್ಯವಾದರೆ ಕಾರಣವನ್ನೂ ವಿವರಿಸಬೇಕು. ಆಳ ನರಜಾಲಗಳು ಈ ಕೊನೆಯ ತತ್ವದಲ್ಲಿ ಹಿಂದೆ ಬೀಳುತ್ತವೆ. ಕಾರಣ ಹೇಳದ ಯಂತ್ರವನ್ನು ಸರದಿ ಹಾಕಲು ಬಳಸಬಹುದು. ಆದರೆ ಅದರ ‘ಇಲ್ಲ’ ಎಂಬ ಮಾತಿನ ಮೇಲೆ ಯಾವ ರಾಸಾಯನಿಕಕ್ಕೂ ಪರವಾನಗಿ ಕೊಡಕೂಡದು. ‘ಹೌದು’ ಎಂದಾಗ ಪರೀಕ್ಷೆಯ ಭಾರ ತಯಾರಕರ ಮೇಲೆ ಬೀಳಬೇಕು; ‘ಇಲ್ಲ’ ಎಂದಾಗ ಸರದಿಯಲ್ಲಿ ಹಿಂದಕ್ಕೆ ಹೋಗಬಹುದೇ ಹೊರತು ಸರದಿಯಿಂದಲೇ ಹೊರಗೆ ಹೋಗಬಾರದು.

ಭಾರತದಲ್ಲಿ ಈ ಕೆಲಸಕ್ಕೆ ನೆಲೆ ಇಲ್ಲದಿಲ್ಲ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿ ಅರೀಜಿತ್ ಸಾಮಲ್ ಅವರ ತಂಡ, ಪ್ರಕಟಿತ ಪ್ರಯೋಗಗಳ ಆಧಾರವಿರುವ 686 ಹಾರ್ಮೋನುಭಂಜಕಗಳನ್ನು ಒಂದೊಂದಾಗಿ ಓದಿ ವಿಂಗಡಿಸಿ 2019ರಲ್ಲಿ ಡಿಡಕ್ಟ್ ಎಂಬ ಮುಕ್ತ ದತ್ತಾಂಶಕೋಶವನ್ನು ಪ್ರಕಟಿಸಿತು, ಮುಂದೆ ಅದನ್ನು ವಿಸ್ತರಿಸಿತು. ಲಕ್ನೋದಲ್ಲಿ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಯಂತ್ರಕಲಿಕೆ ಬಲ್ಲ ತರುಣರಿಗೆ ಬರವಿಲ್ಲ. ಜಿಲ್ಲೆಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಿದ್ದಾರೆ. ಟಾಕ್ಸ್‌ಕ್ಯಾಸ್ಟ್ ಮತ್ತು ಟಾಕ್ಸ್21ರ ಇಡೀ ದತ್ತಾಂಶ ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಪ್ರಕಟವಾಗಿದೆ. ಸೆರಾಪ್ ಮತ್ತು ಕೊಂಪಾರಾ ಮಾದರಿಗಳನ್ನು ಅಡಕಗೊಳಿಸಿದ ಒಪೆರಾ ಎಂಬ ತಂತ್ರಾಂಶವೂ ಉಚಿತ, ಸಾಮಾನ್ಯ ಕಂಪ್ಯೂಟರಿನಲ್ಲೇ ನಡೆಯುವಂಥದು. ವಿಜಯಪುರದ ದ್ರಾಕ್ಷಿಗೆ, ಕೊಡಗಿನ ಕಾಫಿಗೆ, ರಾಯಚೂರಿನ ಹತ್ತಿಗೆ, ತೀರ್ಥಹಳ್ಳಿಯ ಅಡಿಕೆಗೆ ಈ ವರ್ಷ ಹೊಡೆಯುತ್ತಿರುವ ಔಷಧಿಗಳ ಹೆಸರುಗಳನ್ನು ಅಂಗಡಿಗಳಿಂದ ಬರೆದು ತಂದು, ಅವುಗಳ ರಚನೆಯನ್ನೂ ಒಡೆದಾಗ ಹುಟ್ಟುವ ಅಣುಗಳ ರಚನೆಯನ್ನೂ ಈ ಮಾದರಿಗಳ ಮುಂದಿಟ್ಟು, ಯಾವುದಕ್ಕೆ ‘ಹೌದು’, ಯಾವುದಕ್ಕೆ ‘ಇಲ್ಲ’, ಯಾವುದು ವ್ಯಾಪ್ತಿಯ ಹೊರಗೆ ಎಂಬ ಮೂರು ಪಟ್ಟಿಗಳನ್ನು ಕನ್ನಡದಲ್ಲಿ ಪ್ರಕಟಿಸುವ ಕೆಲಸವನ್ನು ಯಾವುದಾದರೂ ಒಂದು ಕಾಲೇಜಿನ ರಸಾಯನಶಾಸ್ತ್ರ ಮತ್ತು ಗಣಕವಿಜ್ಞಾನ ವಿಭಾಗಗಳು ಜೊತೆಯಾಗಿ ಕೈಗೆತ್ತಿಕೊಳ್ಳಲಿ. ಒಂದು ಶೈಕ್ಷಣಿಕ ವರ್ಷದಲ್ಲಿ ಮುಗಿಯುವ ಕೆಲಸವಿದು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ.